ಎರಡು ತಿಂಗಳ ಬಾಡಿಗೆ ಬಾಕಿ, ಮೇಲೆ ಕರೆಂಟ್ ಬಿಲ್: ಸಾಲ ಮಾಡುವ ಮೊದಲು ಎಲ್ಲೆಲ್ಲಿ ಕೇಳಬೇಕು?

ಪ್ರಶ್ನೆ: "ಸರ್, ನಾವು ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೇವೆ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪಿಎಫ್, ಇಎಸ್‌ಐ ಹಿಡಿದು ಕೈಗೆ ಬರುವುದು 13 ಸಾವಿರ ಚಿಲ್ಲರೆ. ನಮ್ಮ ಯಜಮಾನರು ದಿನಬಾಡಿಗೆಗೆ ಆಟೋ ತೆಗೆದುಕೊಂಡು ಓಡಿಸುತ್ತಿದ್ದರು. ಮೂರು ತಿಂಗಳ ಹಿಂದೆ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿ ಕಾಲು ಮುರಿದು ರಾಡ್ ಹಾಕಿದ್ದಾರೆ, ಇನ್ನೂ ನಾಲ್ಕು ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. ಮನೆ ಬಾಡಿಗೆ 8,500, ಎರಡು ತಿಂಗಳದ್ದು ಬಾಕಿ. ಕರೆಂಟಿಗೆ ಓನರ್ ಯೂನಿಟ್‌ಗೆ 10 ರೂಪಾಯಿ ಹಿಡಿಯುತ್ತಾರೆ, ನೀರಿಗೆ ಬೇರೆ 400. ಕೆಳಗಿನ ಎರಡು ಮನೆಗೆ ಒಂದೇ ಮೀಟರ್, ಒಳಗೆ ಸಬ್‌ಮೀಟರ್. ಬಾಡಿಗೆಯವರಿಗೆ ಗೃಹಜ್ಯೋತಿ ಬರಲ್ಲ ಅಂತ ಹೇಳಿದ್ದಾರೆ. ಈ ಸಲ ಬಾಡಿಗೆ ಕೊಡದಿದ್ದರೆ ಫ್ಯೂಸ್ ತೆಗೆಯುತ್ತೇನೆ ಎಂದಿದ್ದಾರೆ. ಮೊಬೈಲ್ ಆ್ಯಪ್‌ನಲ್ಲಿ ತೆಗೆದ 15 ಸಾವಿರ ಸಾಲದಲ್ಲಿ ಇನ್ನೂ 9 ಸಾವಿರ ಕಟ್ಟಬೇಕು, ದಿನಾ ಫೋನ್ ಮಾಡಿ ಬೈಯುತ್ತಾರೆ. ಪಕ್ಕದ ಬೀದಿಯವರೊಬ್ಬರು ಐದು ರೂಪಾಯಿ ಬಡ್ಡಿಗೆ 50 ಸಾವಿರ ಕೊಡುತ್ತೇನೆ ಅನ್ನುತ್ತಿದ್ದಾರೆ. ಬಾಡಿಗೆಯವರಿಗೆ ಸರ್ಕಾರ ಬಾಡಿಗೆ ಕಟ್ಟುವ ಸ್ಕೀಮ್ ಇದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು, ನಿಜವೇ? ರೇಷನ್ ಕಾರ್ಡ್ ಊರಲ್ಲಿ ಅತ್ತೆ ಹೆಸರಲ್ಲಿದೆ. ನಾಲ್ಕು ವರ್ಷದ ಹಿಂದೆ 70 ಸಾವಿರ ಅಡ್ವಾನ್ಸ್ ಕೊಟ್ಟಿದ್ದೇವೆ. ಏನು ಮಾಡಲಿ?"

ಉತ್ತರ:

ವಾಟ್ಸ್‌ಆ್ಯಪ್ ವಿಷಯ ಮೊದಲು ಮುಗಿಸೋಣ. ಬಾಡಿಗೆಯನ್ನೇ ಕಟ್ಟಿಕೊಡುವ ಸರ್ಕಾರಿ ಯೋಜನೆ ಕರ್ನಾಟಕದಲ್ಲಿ ಇಲ್ಲ. ಅಂಥ ಫಾರಂ ತುಂಬಿ ಆಧಾರ್, ಬ್ಯಾಂಕ್ ವಿವರ ಕಳಿಸಿದ್ದರೆ ಇವತ್ತೇ ಬ್ಯಾಂಕಿಗೆ ತಿಳಿಸಿ. ದುಡ್ಡೂ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ, ಆಮೇಲೆ ಆರ್ಥಿಕ ಸಾಕ್ಷರತಾ ಕೇಂದ್ರದ ಮೇಜಿನ ಹಿಂದೆ ಕೂತವನು. ಸಾಲ ಕೇಳಲು ಬಂದವರಿಗೆ ಮೊದಲು "ನಿಮಗೆ ಯಾರು ಯಾರು ದುಡ್ಡು ಕೊಡಬೇಕು?" ಎಂದು ಕೇಳುತ್ತಿದ್ದೆ. "ಯಾರೂ ಇಲ್ಲ ಸರ್" ಅನ್ನುತ್ತಿದ್ದರು. ಅರ್ಧ ಗಂಟೆ ಮಾತಾಡಿದ ಮೇಲೆ ಒಂದಲ್ಲ ಒಂದು ಹೊರಗೆ ಬರುತ್ತಿತ್ತು. ನಿಮ್ಮ ಪತ್ರದಲ್ಲೂ ಹಾಗೆಯೇ ಆಗಿದೆ. ನಿಮ್ಮ 70 ಸಾವಿರ ಓನರ್ ಹತ್ತಿರ ಬಡ್ಡಿಯಿಲ್ಲದೆ ಕೂತಿದೆ. ನಿಮ್ಮ ಪಿಎಫ್ ಇದೆ. ಇಎಸ್‌ಐ ಇದೆ. ಎಲ್ಲಕ್ಕಿಂತ ದೊಡ್ಡದನ್ನು ನೀವು ಅರ್ಧ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ: "ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿ."

ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಗಡುವಿದೆ. ಬೇರೆಯವರ ಗಾಡಿ ಗುದ್ದಿ ಗಾಯವಾದರೆ ಆ ಗಾಡಿಯ ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದು. ಆಸ್ಪತ್ರೆ ಖರ್ಚು ಮಾತ್ರವಲ್ಲ, ದುಡಿಮೆ ನಿಂತ ತಿಂಗಳುಗಳ ಆದಾಯ, ಅನುಭವಿಸಿದ ನೋವು, ಕಾಲಿನಲ್ಲಿ ಊನ ಉಳಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮಗೆ ಮೂರು ತಿಂಗಳು ಆಗಲೇ ಕಳೆದಿದೆ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿದೆಯೇ ನೋಡಿ. ಆಸ್ಪತ್ರೆಗೆ ಸೇರಿಸುವಾಗ ಅಪಘಾತ ಎಂದು ಬರೆಸಿದ್ದರೆ ಅವರೇ ಠಾಣೆಗೆ ತಿಳಿಸಿರುವ ಸಂಭವ ಹೆಚ್ಚು. ಎಷ್ಟೋ ಮನೆಗಳಲ್ಲಿ "ತಾನೇ ಬಿದ್ದ" ಎಂದು ಬರೆಸಿಬಿಡುತ್ತಾರೆ, ಪೊಲೀಸರ ಸಹವಾಸ ಬೇಡ ಅಂತ. ಆಮೇಲೆ ಆ ಒಂದು ಸಾಲೇ ಇಡೀ ಕೇಸನ್ನು ನುಂಗಿಹಾಕುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನು ಬರೆದಿದ್ದಾರೆ ಎಂದು ಇವತ್ತು ರಾತ್ರಿಯೇ ತೆಗೆದು ಓದಿ.

ಗುದ್ದಿದ ಗಾಡಿ ನಿಲ್ಲಿಸದೆ ಹೋಗಿ ನಂಬರೇ ಸಿಗದಿದ್ದರೂ ಬಾಗಿಲು ಮುಚ್ಚಿಲ್ಲ. ಗುದ್ದಿ ಪರಾರಿಯಾದ ಪ್ರಕರಣಗಳಿಗೆ ಕೇಂದ್ರ ಸರ್ಕಾರದ 2022ರ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ. ಮೂಳೆ ಮುರಿತ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ. ಇದಲ್ಲದೆ ಆಟೋ, ಟ್ಯಾಕ್ಸಿ, ಲಾರಿ ಚಾಲಕರಿಗೆಂದೇ ರಾಜ್ಯದ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆಯೊಂದಿದೆ. ಚಾಲನಾ ಪರವಾನಗಿ, ಆಸ್ಪತ್ರೆ ದಾಖಲೆ ಹಿಡಿದು ನಿಮ್ಮ ಭಾಗದ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ ವಿಚಾರಿಸಿ. ಆಟೋ ಸ್ವಂತದ್ದಲ್ಲ ಎಂಬ ಕಾರಣಕ್ಕೆ ನಿಮ್ಮ ಯಜಮಾನರು ಹಿಂಜರಿಯುವುದು ಬೇಡ. ಯೋಜನೆ ಇರುವುದು ಚಾಲಕನಿಗೆ.

ಆದರೆ ನ್ಯಾಯಮಂಡಳಿಯ ದುಡ್ಡು ಈ ತಿಂಗಳ ಬಾಡಿಗೆಗೆ ಆಗುವುದಿಲ್ಲ, ಅದು ವರ್ಷಗಳ ಮಾತು. "ಕೇಸು ಗೆದ್ದ ಮೇಲೆ ತೀರಿಸ್ತೀವಿ" ಎಂದು ಅದರ ಮೇಲೆ ಸಾಲ ಎತ್ತಬೇಡಿ. ಆಸ್ಪತ್ರೆ ಬಾಗಿಲಲ್ಲೇ ಬಂದು "ನಿಮಗೆ ಇಷ್ಟು ಲಕ್ಷ ಕೊಡಿಸ್ತೀನಿ, ಅರ್ಧ ನನಗೆ" ಎನ್ನುವವರಿಗೆ ಸಹಿ ಮಾಡಬೇಡಿ. ವಕೀಲರು ಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ 15100. ಅಪಘಾತದ ಅರ್ಜಿ ಯಜಮಾನರ ಹೆಸರಲ್ಲಿ ಹೋಗುವುದರಿಂದ ಅವರ ಅರ್ಹತೆಯನ್ನು ಬೇರೆಯಾಗಿ ನೋಡುತ್ತಾರೆ. ಮನೆಯ ತಕರಾರಿಗೆ ನಿಮ್ಮ ಹೆಸರು ಸಾಕು.

ಈಗ ಓನರ್ ವಿಷಯ.

ಎರಡು ತಿಂಗಳ ಬಾಡಿಗೆ 17 ಸಾವಿರ ಬಾಕಿ. ಅವರ ಕೈಲಿರುವುದು 70 ಸಾವಿರ. ಅಂದರೆ ನೀವು ಸಾಲಗಾರರು ಎನ್ನುವ ಮಾತಿಗಿಂತ, ಅವರ ಹತ್ತಿರ ನಿಮ್ಮ 53 ಸಾವಿರ ಇನ್ನೂ ಇದೆ ಎನ್ನುವ ಮಾತೇ ಲೆಕ್ಕಕ್ಕೆ ಹತ್ತಿರ. ಹೀಗೆ ನೇರವಾಗಿ ಹೇಳಿದರೆ ಓನರ್‌ಗೆ ಕೋಪ ಬರುತ್ತದೆ, ಹೇಳಬೇಡಿ. ಹಿಂದಿನ ಬಾಡಿಗೆಯವರಿಗೆ ವಾಪಸ್ ಕೊಡಲು ಅದೇ ದುಡ್ಡನ್ನು ಬಳಸಿರುತ್ತಾರೆ, ಮಹಡಿ ಕಟ್ಟಿಸಿರುತ್ತಾರೆ. ಅಡ್ವಾನ್ಸ್ ಕೇಳಿದ ತಕ್ಷಣ ಅವರಿಗೆ "ಈಗ ನಗದು ಎಲ್ಲಿಂದ ತರಲಿ" ಎಂಬ ದಿಗಿಲು. ಆದ್ದರಿಂದ ನಗದು ಕೇಳಬೇಡಿ, ಹೊಂದಾಣಿಕೆ ಕೇಳಿ.

ಹೀಗೊಂದು ಪ್ರಸ್ತಾಪ ಇಡಿ. ಬಾಕಿ 17 ಸಾವಿರವನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲಿ. ಮುಂದಿನ ನಾಲ್ಕು ತಿಂಗಳು 4,250 ನೀವು ಕೈಯಿಂದ ಕೊಡುವುದು, ಇನ್ನುಳಿದ 4,250 ಅಡ್ವಾನ್ಸ್‌ನಿಂದ ಹೋಗುವುದು. ನಾಲ್ಕು ತಿಂಗಳಿಗೆ ಅದೂ 17 ಸಾವಿರ. ಎರಡೂ ಸೇರಿ 34 ಸಾವಿರ ಕರಗಿ, ಓನರ್ ಕೈಲಿ ಇನ್ನೂ 36 ಸಾವಿರ ಉಳಿಯುತ್ತದೆ. ನಾಲ್ಕು ತಿಂಗಳ ಬಾಡಿಗೆಗಿಂತ ಹೆಚ್ಚು. ಅವರಿಗೆ ನಷ್ಟದ ಭಯವಿಲ್ಲ, ಪ್ರತಿ ತಿಂಗಳು ಒಂದಿಷ್ಟು ದುಡ್ಡು ಬರುತ್ತದೆ, ಮನೆ ಖಾಲಿ ಬೀಳುವುದಿಲ್ಲ, ಸುಣ್ಣಬಣ್ಣದ ಖರ್ಚಿಲ್ಲ. ಯಜಮಾನರು ಗಾಡಿ ಹತ್ತಿದ ಮೇಲೆ ತಿಂಗಳಿಗೆ ಇಷ್ಟು ಎಂದು ಅಡ್ವಾನ್ಸ್ ತುಂಬಿಸುತ್ತೇವೆ ಎಂದು ಬೇಕಾದರೆ ಸೇರಿಸಿ, ಆಗದ ಮೊತ್ತ ಹೇಳಬೇಡಿ.

ಬಾಯಿಮಾತಲ್ಲಿ ಬಿಡಬೇಡಿ. ಒಂದು ಹಾಳೆಯಲ್ಲಿ ತಾರೀಕು, ಮೊತ್ತ, ಇಬ್ಬರ ಸಹಿ. ಓನರ್ ಸಹಿ ಹಾಕಲು ಒಪ್ಪದಿದ್ದರೆ ಅದೇ ಲೆಕ್ಕವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, "ಸರಿ" ಎಂಬ ಒಂದು ಉತ್ತರ ಬಂದರೂ ಸಾಕು. 4,250ನ್ನು ನಗದಾಗಿ ಕೊಡಬೇಡಿ, ಫೋನ್‌ಪೇ, ಗೂಗಲ್‌ಪೇ ಯಾವುದಾದರೂ ಸರಿ. ಇದರಲ್ಲಿ ಅಪಾಯವೂ ಇದೆ. ನಾಳೆ ಮನೆ ಬಿಡಬೇಕಾಗಿ ಬಂದರೆ ಹೊಸ ಮನೆಗೆ ಕೊಡಲು ನಿಮ್ಮ ಕೈಗೆ ಬರುವುದು ಕಡಿಮೆ. ಅದರಲ್ಲೂ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಎಂದು ಹಿಡಿದುಕೊಳ್ಳುವುದು ಬೆಂಗಳೂರಿನ ವಾಡಿಕೆ. ಆದರೂ ಐದು ರೂಪಾಯಿ ಬಡ್ಡಿಗಿಂತ ಇದು ಎಷ್ಟೋ ವಾಸಿ. ಅಂದಹಾಗೆ, ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ಹಿಡಿದು ಓನರ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಅದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಮಾದರಿ ಎಂದರೆ ಮಾದರಿ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಜಾರಿ. ಕರ್ನಾಟಕ ಮಾಡಿಲ್ಲ.

ಫ್ಯೂಸ್ ತೆಗೆಯುವ ಬೆದರಿಕೆಗೆ ಬರುತ್ತೇನೆ. ಬಾಡಿಗೆ ಬಾಕಿ ಇದ್ದರೆ ಮನೆ ಬಿಡಿಸುವ ಹಕ್ಕು ಓನರ್‌ಗಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೊಂದು ದಾರಿಯಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ 3,500 ರೂಪಾಯಿ ದಾಟಿದ ಬಾಡಿಗೆಗಳಿಗೆ ಸಾಮಾನ್ಯವಾಗಿ ತಾಗುವುದಿಲ್ಲ, ಆದ್ದರಿಂದ ನಿಮ್ಮ ವಿಷಯ 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಹೋಗುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತಾ ಬಂದಿದ್ದರೆ ಅದು ತಿಂಗಳ ಬಾಡಿಗೆ ಅನ್ನಿಸಿಕೊಳ್ಳುತ್ತದೆ, 15 ದಿನದ ಲಿಖಿತ ನೋಟಿಸು ಬೇಕು. ಅದಾದ ಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು. ಕರೆಂಟು, ನೀರು ನಿಲ್ಲಿಸಿ, ಸಾಮಾನು ಹೊರಗಿಟ್ಟು ಬಿಡಿಸುವಂತಿಲ್ಲ. ಕರೆಂಟು ಮೂಲಭೂತ ಸೌಕರ್ಯ, ಓನರ್ ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬೆಸ್ಕಾಂನವರು ಕೂಡ ಬಿಲ್ ಬಾಕಿಗೆ ಸಂಪರ್ಕ ಕಡಿಯಬೇಕಾದರೆ 15 ದಿನದ ಲಿಖಿತ ನೋಟಿಸು ಕೊಡಬೇಕು, 2003ರ ವಿದ್ಯುತ್ ಕಾಯ್ದೆಯ 56ನೇ ಕಲಂನಲ್ಲಿದೆ.

ನಿಜವಾಗಿ ಫ್ಯೂಸ್ ಕಿತ್ತರೆ 112ಕ್ಕೆ ಫೋನ್ ಮಾಡಿ, ಆಮೇಲೆ 15100. ಪೊಲೀಸರು "ಇದು ಸಿವಿಲ್ ಮ್ಯಾಟರ್" ಎಂದು ವಾಪಸ್ ಕಳಿಸುವುದುಂಟು. ಆದರೂ ದೂರು ಕೊಟ್ಟ ದಾಖಲೆ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳುವಾಗ ಕೆಲಸಕ್ಕೆ ಬರುತ್ತದೆ. ಹಾಗಂತ ಕಾನೂನು ಹಿಡಿದು ಓನರ್ ಮನೆ ಬಾಗಿಲು ತಟ್ಟಿ ಎನ್ನುತ್ತಿಲ್ಲ. ಮುರಿದ ಕಾಲಿನ ಗಂಡನನ್ನು ಇಟ್ಟುಕೊಂಡು ಮನೆ ಹುಡುಕುವ ಕಷ್ಟ ನನಗೆ ಗೊತ್ತು. ಮೊದಲು ಹೊಂದಾಣಿಕೆಯ ಮಾತು, ಕಾನೂನು ಕೈಚೀಲದಲ್ಲಿ ಇರಲಿ.

ಗೃಹಜ್ಯೋತಿ ಬಾಡಿಗೆಯವರಿಗೆ ಬರುವುದಿಲ್ಲ ಎಂಬುದು ಸುಳ್ಳು. 2023ರಲ್ಲಿ ಯೋಜನೆ ಶುರುವಾದಾಗ ಮೊದಲ ಕೆಲವು ದಿನ ಗೊಂದಲವಿತ್ತು, ಆಮೇಲೆ ಸರ್ಕಾರವೇ ಸ್ಪಷ್ಟಪಡಿಸಿತು. ಬಾಡಿಗೆ ಕರಾರು ಅಥವಾ ಆ ವಿಳಾಸದ ಮತದಾರರ ಚೀಟಿ, ನಿಮ್ಮ ಆಧಾರ್, ಮೀಟರಿನ ಅಕೌಂಟ್ ಐಡಿ ಇದ್ದರೆ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧು ಮೂಲಕ ನಿಮ್ಮ ಹೆಸರಿಗೇ ಮಾಡಿಸಬಹುದು. ಬೆಂಗಳೂರು ಒನ್ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ನಿಮ್ಮ ತೊಡಕು ಬೇರೆ ಕಡೆ ಇದೆ: ಎರಡು ಮನೆಗೆ ಒಂದೇ ಮೀಟರ್.

ಓನರ್ ಹತ್ತಿರ ಒಂದೇ ಒಂದು ಕೇಳಿ, ಮೆತ್ತಗೆ: "ಅಣ್ಣ, ಬೆಸ್ಕಾಂ ಬಿಲ್ ಒಂದ್ಸಲ ತೋರಿಸ್ತೀರಾ?" ಸಿಕ್ಕಿದರೆ ಆ ಉದ್ದನೆಯ ಚೀಟಿಯಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಮೇಲೆ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಮತ್ತು ಅಕೌಂಟ್ ಐಡಿ. ನಡುವೆ ಈ ತಿಂಗಳು ಎಷ್ಟು ಯೂನಿಟ್ ಓಡಿದೆ. ಕೆಳಗೆ ಗೃಹಜ್ಯೋತಿ ಸಹಾಯಧನ ಎಂದು ಕಳೆದಿದ್ದಾರೆಯೇ, ಕಟ್ಟಬೇಕಾದ ಮೊತ್ತ ಸೊನ್ನೆಯೇ. ಸೊನ್ನೆ ಇದ್ದು ನಿಮ್ಮಿಂದ ಯೂನಿಟ್‌ಗೆ 10 ರೂಪಾಯಿ ತೆಗೆದುಕೊಳ್ಳುತ್ತಿದ್ದರೆ, ನಿಮಗೆ ಬರಬೇಕಾದ ಸಹಾಯ ಬೇರೆಯವರ ಹೆಸರಿನಲ್ಲಿ ಹೋಗುತ್ತಿದೆ ಎಂದರ್ಥ. ಹೀಗೆ ಮಾಡುವ ಓನರ್‌ಗಳನ್ನು ನಾನು ನೋಡಿದ್ದೇನೆ.

ಸೊನ್ನೆ ಇಲ್ಲದಿದ್ದರೆ ಮಾತ್ರ ಆ 10 ರೂಪಾಯಿ ಕಾಣುವಷ್ಟು ದೊಡ್ಡ ದರೋಡೆಯಲ್ಲ. 2025-26ರ ದರಪಟ್ಟಿಯಲ್ಲಿ ಮನೆಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ನೀವು 80 ಯೂನಿಟ್ ಓಡಿಸಿದರೆ 464 ರೂಪಾಯಿ. ಅದರ ಮೇಲೆ ತೆರಿಗೆ, ಸರ್‌ಚಾರ್ಜ್, ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕದಲ್ಲಿ ನಿಮ್ಮ ಪಾಲು ಸೇರಿಸಿದರೆ 650, 700ರ ಆಸುಪಾಸಿಗೆ ಬರುತ್ತದೆ. ಓನರ್ ತೆಗೆದುಕೊಳ್ಳುವುದು 800. ನೂರಿನ್ನೂರು ರೂಪಾಯಿ ಹೆಚ್ಚು, ನಿಜ. ಆದರೆ ಬಾಡಿಗೆಯ ಮಾತು ನಡೆಯುತ್ತಿರುವ ಈ ವಾರ ಅದಕ್ಕಾಗಿ ಜಗಳ ತೆಗೆಯಬೇಡಿ. ನಿಮಗೆ ಲಾಭ ಇರುವುದು ಉಚಿತ ಯೂನಿಟ್‌ಗಳಲ್ಲಿ.

ಅದರ ಲೆಕ್ಕವನ್ನೂ ತುಂಬಾ ಜನ ತಪ್ಪು ತಿಳಿದಿದ್ದಾರೆ. ಎಲ್ಲರಿಗೂ 200 ಯೂನಿಟ್ ಉಚಿತ ಎಂದಲ್ಲ. ಆ ಮೀಟರ್ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ 10 ಸೇರಿಸಿದಷ್ಟು ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇ 10ರ ಬದಲು ನೇರ 10 ಯೂನಿಟ್ ಹೆಚ್ಚು ಕೊಟ್ಟರು. ನಿಮ್ಮ ಮೀಟರಿನ ಸರಾಸರಿ 150 ಇತ್ತು ಎನ್ನಿ, ಉಚಿತ 165. ಎರಡು ಮನೆ ಸೇರಿ 180 ಓಡಿಸಿದರೆ ಮೇಲಿನ 15 ಯೂನಿಟ್‌ಗೆ ಮಾತ್ರ ದುಡ್ಡು. ಆದರೆ 201 ಮುಟ್ಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಆದ್ದರಿಂದ ಪಕ್ಕದ ಮನೆಯವರ ಜೊತೆ ಕೂತು ಮಾತಾಡುವುದು ಅಗತ್ಯ. ತಿಂಗಳ ಕೊನೆಯ ವಾರ ನೀವು ಗೀಸರ್ ನಿಲ್ಲಿಸಿ ಅವರು ಹಚ್ಚಿಕೊಂಡೇ ಇದ್ದರೆ ಇಬ್ಬರಿಗೂ ಹೋಯಿತು.

ಬಾಡಿಗೆಯವರ ಆಧಾರ್ ಮೀಟರಿಗೆ ಜೋಡಿಸಿದರೆ ಮನೆಯೇ ಅವರದಾಗಿಬಿಡುತ್ತದೆ ಎಂಬ ಹೆದರಿಕೆ ಓನರ್‌ಗಳಲ್ಲಿ ಬಹಳ. ಹಾಗೇನೂ ಆಗುವುದಿಲ್ಲ. 2024ರಿಂದ ಡಿಲಿಂಕ್ ಮಾಡುವ ಸೌಲಭ್ಯವಿದೆ, ಮನೆ ಬಿಡುವಾಗ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸ ಮನೆಯ ಮೀಟರಿಗೆ ಹಾಕಿಸಬಹುದು ಎಂದು ಅವರಿಗೆ ತಿಳಿಸಿ. ನೀವೂ ನೆನಪಿಡಿ, ಒಂದು ಆಧಾರಿಗೆ ಒಂದೇ ಮೀಟರ್. ಹಳೆಯ ಬಾಡಿಗೆ ಮನೆಯಲ್ಲಿ ಜೋಡಿಸಿ ಬಿಟ್ಟು ಬಂದಿದ್ದರೆ ಮೊದಲು ಅದನ್ನು ಬಿಡಿಸಬೇಕು. ಬೇರೆ ಮೀಟರೇ ಹಾಕಿಸಿಕೊಳ್ಳುವುದು ಸರಿಯಾದ ಪರಿಹಾರ, ವಿದ್ಯುತ್ ಕಾಯ್ದೆಯ 43ನೇ ಕಲಂ ವಾಸವಿರುವವರಿಗೂ ಅರ್ಜಿ ಹಾಕುವ ಹಕ್ಕು ಕೊಡುತ್ತದೆ. ಆದರೆ 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನ ಪ್ರಮಾಣಪತ್ರ (ಓಸಿ, ಕಟ್ಟಡ ವಾಸಕ್ಕೆ ತಕ್ಕುದು ಎಂದು ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಸಿಗುವುದು ತಲೆನೋವಾಗಿದೆ. ಈ ಕಷ್ಟದ ನಡುವೆ ಅದನ್ನು ಕೈಗೆತ್ತಿಕೊಳ್ಳಬೇಡಿ.

ಪಿಎಫ್‌ಗೆ ಬರೋಣ. ಮನೆಯವರ ಕಾಯಿಲೆಗೆ, ಚಿಕಿತ್ಸೆಗೆ ನಿಮ್ಮ ಪಿಎಫ್‌ನಿಂದ ಮುಂಗಡ ತೆಗೆಯಬಹುದು, ಗಂಡ ಅದರಲ್ಲಿ ಬರುತ್ತಾರೆ. ಇದು ಸಾಲವಲ್ಲ, ವಾಪಸ್ ಕಟ್ಟಬೇಕಿಲ್ಲ, ಬಡ್ಡಿಯಿಲ್ಲ. ಯುಎಎನ್‌ಗೆ, ಅಂದರೆ ನಿಮ್ಮ ಪಿಎಫ್ ನಂಬರಿಗೆ, ಆಧಾರ್, ಬ್ಯಾಂಕ್ ಖಾತೆ ಜೋಡಣೆಯಾಗಿದ್ದರೆ ಮೊಬೈಲಿನ ಉಮಂಗ್ ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು. ಅರ್ಜಿಗೆ ಶುಲ್ಕವಿಲ್ಲ. ಹೆಸರಿನ ಅಕ್ಷರ ಆಧಾರಿನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು ಇದ್ದು ಅರ್ಜಿ ಬಿದ್ದುಹೋಗುವುದು ಸಾಮಾನ್ಯ. ಫ್ಯಾಕ್ಟರಿಯ ಎಚ್‌ಆರ್‌ನವರನ್ನು ಹಿಡಿದು ಮೊದಲು ಅದನ್ನು ಸರಿಮಾಡಿಸಿ.

ಇಲ್ಲೊಂದು ಬಲೆಯಿದೆ. ಫ್ಯಾಕ್ಟರಿ ಗೇಟಿನ ಹೊರಗೆ ಏಜೆಂಟರು "ಕೆಲಸ ಬಿಟ್ಟರೆ ಪೂರ್ತಿ ದುಡ್ಡು ತೆಗೆಸಿಕೊಡ್ತೀವಿ" ಅನ್ನುತ್ತಾರೆ. ಪಿಎಫ್ ಹಣ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಎಷ್ಟು ಜೀವದ ವಿಷಯ ಎನ್ನುವುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಣ್ಣಾರೆ ಕಂಡಿದೆ. ಹಣ ತೆಗೆಯುವುದಕ್ಕೆ ಕಟ್ಟುಪಾಡು ಹಾಕಿದ ನಿಯಮದ ವಿರುದ್ಧ ಸಾವಿರಾರು ಜನ ರಸ್ತೆಗಿಳಿದರು, ಕೇಂದ್ರ ಆ ನಿಯಮವನ್ನೇ ವಾಪಸ್ ಪಡೆಯಿತು. ಹಾಗೆ ಉಳಿಸಿಕೊಂಡ ಹಕ್ಕನ್ನು ಏಜೆಂಟನ ಮಾತಿಗೆ ಕಳೆದುಕೊಳ್ಳಬೇಡಿ. ಕೆಲಸ ಬಿಟ್ಟರೆ ಸಂಬಳ ಹೋಗುತ್ತದೆ, ಪಿಂಚಣಿಯ ಸೇವಾವಧಿ ತುಂಡಾಗುತ್ತದೆ, ಜೊತೆಗೆ ಇಎಸ್‌ಐ ಕೂಡ ಕೈತಪ್ಪುತ್ತದೆ. ಇಎಸ್‌ಐ ನಿಮಗೆ ಈಗ ತುಂಬಾ ಬೇಕು. ನಿಮ್ಮ ಇಎಸ್‌ಐಯಲ್ಲಿ ಗಂಡನಿಗೂ ಚಿಕಿತ್ಸೆ ಉಚಿತ. ಮುಂದಿನ ಎಕ್ಸ್‌ರೇ, ಫಿಸಿಯೋಥೆರಪಿ, ರಾಡ್ ತೆಗೆಸಬೇಕಾಗಿ ಬಂದರೆ ಅದು, ಯಾವುದಕ್ಕೂ ಖಾಸಗಿ ಆಸ್ಪತ್ರೆಗೆ ಹೋಗಬೇಡಿ. ಪೀಣ್ಯದ ಇಎಸ್‌ಐ ಆಸ್ಪತ್ರೆ, ರಾಜಾಜಿನಗರದ್ದು ಎರಡೂ ನಿಮಗೆ ದೂರವಲ್ಲ. ಸಂಬಳದ ಚೀಟಿಯಲ್ಲಿ ನಿಮ್ಮ ಇಎಸ್‌ಐ ನಂಬರ್ ಇರುತ್ತದೆ, ಯಜಮಾನರ ಹೆಸರು ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ.

ರೇಷನ್ ಕಾರ್ಡಿನ ವಿಷಯ ಸ್ವಲ್ಪ ನಾಜೂಕು. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಯಾರು ಮನೆಯ ಯಜಮಾನಿಯೋ ಅವರಿಗೆ, ಅಂದರೆ ಈಗ ನಿಮ್ಮ ಅತ್ತೆಗೆ. ನೀವು ಬೇರೆ ಕಾರ್ಡ್ ಮಾಡಿಸಿದರೆ ಅದರಲ್ಲಿ ನೀವೇ ಯಜಮಾನಿ, ಗೃಹಲಕ್ಷ್ಮಿಗೆ ಅರ್ಜಿ ಹಾಕಬಹುದು. ಅದು ಬಿಪಿಎಲ್ ಕಾರ್ಡೇ ಆಗಬೇಕೆಂದಿಲ್ಲ, ಎಪಿಎಲ್ ಆದರೂ ಬರುತ್ತದೆ, ನೀವಾಗಲಿ ಯಜಮಾನರಾಗಲಿ ಆದಾಯ ತೆರಿಗೆ ಕಟ್ಟುತ್ತಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿರಬಾರದು. ಬಿಪಿಎಲ್‌ಗೆ ವರ್ಷದ ಆದಾಯ ಮಿತಿ 1.20 ಲಕ್ಷ. ನಿಮ್ಮೊಬ್ಬರ ಸಂಬಳವೇ ಒಂದೂವರೆ ಲಕ್ಷ ದಾಟುತ್ತದೆ. ಯಾವತ್ತಾದರೂ ಪರಿಶೀಲನೆಗೆ ಬಂದರೆ ನಿಮ್ಮ ಹೆಸರಿನಿಂದಾಗಿ ಅತ್ತೆಯ ಕಾರ್ಡಿಗೂ ಕುತ್ತು. ಹೀಗಾಗಿ ಬೇರೆ ಕಾರ್ಡ್ ಒಳ್ಳೆಯದೇ. ಆದರೆ ಊರಿನ ಕಾರ್ಡಿನಿಂದ ಹೆಸರು ತೆಗೆಸುವ ಮೊದಲು, ಹೊಸ ಕಾರ್ಡಿಗೆ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಆಹಾರ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಿ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬಂತಾಗಿ ತಿಂಗಳುಗಟ್ಟಲೆ ಅಲೆದವರು ಇದ್ದಾರೆ. ಅತ್ತೆಗೆ ಮೊದಲೇ ವಿಷಯ ಹೇಳಿ.

ಇನ್ನು ಸಾಲ. ಐದು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ನೂರಕ್ಕೆ ಅರವತ್ತು. 50 ಸಾವಿರಕ್ಕೆ ತಿಂಗಳಿಗೆ 2,500 ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ಲೈಸೆನ್ಸ್ ಇರುವ ಲೇವಾದೇವಿಗಾರ ಕೂಡ ಅಡಮಾನವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16 ಮೀರುವಂತಿಲ್ಲ. ಪಕ್ಕದ ಬೀದಿಯವರಿಗೆ ಬೇಡ ಎಂದು ಹೇಳಿ. ಮನೆಯಲ್ಲಿ ಚಿನ್ನವಿದ್ದು, ಬೇರೆ ದಾರಿ ಮುಚ್ಚಿದಾಗ ಮಾತ್ರ, ಬ್ಯಾಂಕಿನಲ್ಲಿ ಅಡವಿಟ್ಟು ಬೇಕಾದಷ್ಟೇ ತೆಗೆಯಿರಿ. ಬಡ್ಡಿ ಬಹಳ ಕಡಿಮೆ, ಆದರೆ ಗಡುವು ತಪ್ಪಿದರೆ ಒಡವೆ ಹರಾಜಿಗೆ ಹೋಗುತ್ತದೆ.

ಆ್ಯಪ್‌ನವರು ದಿನಾ ಕೂಗುತ್ತಾರೆ ಎಂದು ಅವರಿಗೇ ಮೊದಲು ಕಟ್ಟುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಜೋರಾಗಿ ಕೂಗುವವರಿಗಲ್ಲ, ಕಟ್ಟದಿದ್ದರೆ ಹೆಚ್ಚು ಕೆಡುಕಾಗುವ ಕಡೆಗೆ ಮೊದಲ ದುಡ್ಡು: ಊಟ, ಔಷಧಿ, ಬಾಡಿಗೆಯ ಆ 4,250, ಕರೆಂಟು, ಗ್ಯಾಸ್. ಆ್ಯಪ್ ಅದಾದ ಮೇಲೆ. ಹಾಗಂತ ಫೋನ್ ಸ್ವಿಚ್ ಆಫ್ ಮಾಡಿ ಕೂರಬೇಡಿ. ಸಾಲದ ಹಿಂದೆ ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ, ಸಾಲ ಕೊಡುವ ಸಂಸ್ಥೆ) ಇದೆ ಎಂದು ಸಾಲದ ಪತ್ರದಲ್ಲಿ ನೋಡಿ. ಅವರಿಗೆ ಅಪಘಾತದ ದಾಖಲೆ ಹಚ್ಚಿ ಇಮೇಲ್ ಬರೆದು ಕಂತು ಸಣ್ಣದು ಮಾಡಿ ಎಂದು ಕೇಳಿ. ಕಟ್ಟಲಾಗದಿದ್ದರೆ ಜೈಲು ಎನ್ನುವುದು ಬೆದರಿಕೆ, ಸಾಲ ಕಟ್ಟದಿರುವುದೇ ಅಪರಾಧವಲ್ಲ. ಆದರೆ ಚೆಕ್ ಕೊಟ್ಟಿದ್ದರೆ, ಖಾತೆಯಿಂದ ತಾನಾಗಿ ಕಡಿತವಾಗಲು ಒಪ್ಪಿಗೆ ಕೊಟ್ಟಿದ್ದರೆ, ಅದು ಬೌನ್ಸ್ ಆಗುವುದು ಬೇರೆಯೇ ಸಂಗತಿ, ಅದಕ್ಕೆ ಕ್ರಿಮಿನಲ್ ಕೇಸು ಹಾಕಬಹುದು. ಅದಕ್ಕೇ ಆ ಇಮೇಲನ್ನು ಕಂತಿನ ದಿನಕ್ಕೆ ಮೊದಲೇ ಬರೆಯಿರಿ. ಆರ್‌ಬಿಐ ನಿಯಮದಂತೆ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರಿಗೆ ಫೋನ್ ಮಾಡಿ ಮಾನ ಕಳೆಯುವಂತಿಲ್ಲ. ಮಾಡಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೊದಲು ಆ ಕಂಪನಿಗೆ ದೂರು, ಸರಿಹೋಗದಿದ್ದರೆ ಇಂಥ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್, ವಿವರಕ್ಕೆ 14448. ಸಾಲದ ಹಿಂದೆ ಯಾವ ನೋಂದಾಯಿತ ಸಂಸ್ಥೆಯ ಹೆಸರೂ ಇಲ್ಲದಿದ್ದರೆ ಅದು ಕಳ್ಳ ಆ್ಯಪ್, 1930ಕ್ಕೆ ಫೋನ್ ಮಾಡಿ. ಒಂದು ಆ್ಯಪ್ ತೀರಿಸಲು ಇನ್ನೊಂದು ಆ್ಯಪ್ ಮಾತ್ರ ಇಳಿಸಬೇಡಿ.

ಗ್ಯಾಸಿಗೆ ಉಜ್ವಲಾ ಸಂಪರ್ಕ ಇದ್ದರೆ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಬರುತ್ತಿರಬೇಕು, ಯಾವ ಖಾತೆಗೆ ಬೀಳುತ್ತಿದೆ ಎಂದು ಒಮ್ಮೆ ಪಾಸ್‌ಬುಕ್ ಬರೆಸಿ ನೋಡಿ. ನೀರಿನ 400ರ ಬಗ್ಗೆ ಈಗ ಏನೂ ಮಾಡುವಂತಿಲ್ಲ.

ಈ ವಾರದ ರಜೆ ಭಾನುವಾರ ತಾನೇ? ಓನರ್ ಜೊತೆ ಮಾತು ಅವತ್ತೇ ಆಗಲಿ, ಯಜಮಾನರನ್ನೂ ಕೂರಿಸಿಕೊಂಡು, ಲೆಕ್ಕದ ಹಾಳೆ ಕೈಲಿಟ್ಟುಕೊಂಡು. ಪಿಎಫ್ ಅರ್ಜಿ ರಾತ್ರಿ ಹಾಕಬಹುದು. ಠಾಣೆಗೆ ಹೋಗಿ ಎಫ್‌ಐಆರ್ ಪ್ರತಿ ತರಲು ಅರ್ಧ ದಿನ ರಜೆ ಹಾಕಬೇಕಾಗುತ್ತದೆ, ಆ ಅರ್ಧ ದಿನದ ಸಂಬಳ ಹೋದರೂ ಚಿಂತೆಯಿಲ್ಲ. ಪ್ರತಿ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಗುದ್ದಿದ ಗಾಡಿಯ ನಂಬರ್ ಅದರಲ್ಲಿ ಇದೆಯೋ ಇಲ್ಲವೋ, ಅದನ್ನು ಮೊದಲ ಸಾಲಿನಲ್ಲೇ ತಿಳಿಸಿ.